ಕಿತ್ತಳೆ ಗಿಡದ ಬುಡದಲ್ಲಿ ಫಿರ್ಮಿನ್

ಬಸ್ ಹತ್ತುವ ಮೊದಲೇ ಯುಗೆತ್ ಶಪಥ ಮಾಡಿಬಿಟ್ಟಳು. ಇವತ್ತು ಗಂಡನ ಹೆಸರು ತನ್ನ ಬಾಯಿಂದ ಬರುವುದಿಲ್ಲ. ಈಗಿನಿಂದ ರಾತ್ರಿ ಹಾಸಿಗೆಗೆ ಹೋಗುವ ತನಕ, ಒಂದೇ ಒಂದು ಸಲವೂ ಇಲ್ಲ. ಮನಸ್ಸಿನಲ್ಲೇ ಅಂದುಕೊಂಡಿದ್ದರೆ ಯಾವ ತೊಂದರೆಯೂ ಇರಲಿಲ್ಲ. ಆದರೆ ಅವಳು ಊರ ಚೌಕದಲ್ಲಿ, ಹಿರಿಯರ ಸಂಘದವರೆಲ್ಲ ಬಸ್ಸಿಗೆ ಕಾಯುತ್ತ ನಿಂತಿದ್ದಾಗ, ಎದೆಯುಬ್ಬಿಸಿ ಹೇಳಿದಳು. ದೊರೆ ದಂಡೆತ್ತಿ ಹೊರಡುವಾಗ ಹೇಳುತ್ತಾನಲ್ಲ, ಹಾಗೆ.

ಎಲ್ಲಕ್ಕೂ ಕಾರಣ ಒಂದು ಜೊತೆ ಬೂಟು.

ಫಿರ್ಮಿನ್ ತೀರಿಕೊಂಡು ವರ್ಷ ತುಂಬುತ್ತ ಬಂದಿತ್ತು. ಅವನ ರಬ್ಬರ್ ಬೂಟು ಮಾತ್ರ ಬಾಗಿಲ ಒಳಗೆ, ಅವನು ಕಳಚಿಟ್ಟ ಜಾಗದಲ್ಲೇ ಇತ್ತು. ಒಂದು ನೆಟ್ಟಗೆ ನಿಂತಿತ್ತು. ಇನ್ನೊಂದು ಅದಕ್ಕೆ ಒರಗಿಕೊಂಡಿತ್ತು. ಮೇಲೆ ದ್ರಾಕ್ಷಿ ತೋಟದ ಮಣ್ಣು ಒಣಗಿ ಬಿಳಿಯಾಗಿತ್ತು. ಯುಗೆತ್ ಅದನ್ನು ದಾಟಿಕೊಂಡೇ ಓಡಾಡುತ್ತಿದ್ದಳು. ಅವಳ ಕಾಲಿಗೆ ಅದು ಅಭ್ಯಾಸ. ಆದರೆ ನಾದಿನಿ ರೇಮೋಂದ್ ದಿನಾ ಸಂಜೆ ಬರುವವಳು, ದಿನಾ ಎಡವುವವಳು. ಫಿರ್ಮಿನ್‌ಗೆ ಇದ್ದ ಒಬ್ಬಳೇ ತಂಗಿ. ಮದುವೆಯಾಗಲಿಲ್ಲ. ಎರಡು ಮನೆ ಆಚೆ ಒಬ್ಬಳೇ ಇದ್ದಳು. ಎಡವಿದಾಗಲೆಲ್ಲ ಅವಳದು ಅದೇ ಮಾತು.

"ಇದನ್ನ ಇಲ್ಲಿಂದ ಈಗ ತೆಗೀತೀಯೋ, ನನ್ನ ಕಾಲು ಮುರಿದ ಮೇಲೆ ತೆಗೀತೀಯೋ?"

ಬೂಟಿಗಿಂತ ದೊಡ್ಡ ದೂರು ಇನ್ನೊಂದಿತ್ತು. ಯುಗೆತ್ ಬಾಯಿ ತೆರೆದರೆ ಮೊದಲು ಫಿರ್ಮಿನ್ ಹೊರಗೆ ಬರುತ್ತಿದ್ದ, ಆಮೇಲೆ ಮಾತು ಬರುತ್ತಿತ್ತು. ಮೋಡ ಕಂಡರೆ, ಫಿರ್ಮಿನ್ ಇದ್ದಿದ್ದರೆ ಇದು ಮಳೆಯ ಮೋಡ ಅಲ್ಲ ಅಂತಿದ್ದ. ಬ್ರೆಡ್ ಕೊಂಡರೆ, ಫಿರ್ಮಿನ್‌ಗೆ ಇಷ್ಟು ಸುಟ್ಟದ್ದು ಸೇರುತ್ತಿರಲಿಲ್ಲ. ಬೇಕರಿಯವಳು, ಅಂಚೆಯವಳು, ಪಾದ್ರಿ, ಎಲ್ಲರೂ ತಲೆ ಆಡಿಸಿ ಆಡಿಸಿ ಸೋತಿದ್ದರು. ಪಾದ್ರಿ ಈಚೆಗೆ ಅವಳನ್ನು ಕಂಡರೆ ಚರ್ಚಿನ ಹಿಂದಿನ ಬಾಗಿಲಿನಿಂದ ಹೋಗುತ್ತಿದ್ದರು.

ಆ ಬೆಳಗ್ಗೆ ರೇಮೋಂದ್ ಹೇಳಿದ್ದು ಇಷ್ಟೇ. ಅರಮನೆ ನೋಡೋಕೆ ಹೋಗ್ತಿದ್ದೀವಿ, ತೋಟ ನೋಡ್ತೀವಿ, ವೈನ್ ಕುಡೀತೀವಿ. "ಇವತ್ತೊಂದು ದಿನ ಅಣ್ಣನ್ನ ಮನೇಲಿ ಬಿಟ್ಟು ಬಾ ಅತ್ತಿಗೆ. ಟಿಕೆಟ್ ತಗೊಂಡಿರೋದು ನಿನ್ನೊಬ್ಬಳಿಗೆ."

ಅಲ್ಲಿಂದ ಶಪಥಕ್ಕೆ ಬಂತು. ಶಪಥದಿಂದ ಪಂದ್ಯಕ್ಕೆ ಬಂತು. ಯುಗೆತ್ ಬಾಯಿಂದ ಹೆಸರು ಬಂದರೆ ಬೂಟು ಆ ಮನೆಯಿಂದ ಹೊರಗೆ. ಬರದಿದ್ದರೆ ರೇಮೋಂದ್ ಬದುಕಿರುವವರೆಗೆ ಬೂಟಿನ ಬಗ್ಗೆ ಮಾತಾಡುವ ಹಾಗಿಲ್ಲ. ಎಡವಿದರೂ ಸುಮ್ಮನೆ ಎಡವಬೇಕು. ಇಬ್ಬರೂ ಕೈ ಕುಲುಕಿದರು. ಸಂಘದ ಅಧ್ಯಕ್ಷ, ಮುದುಕ ಬಾರ್ನಬೆ, ತನ್ನ ಊರುಗೋಲು ನೆಲಕ್ಕೆ ಕುಟ್ಟಿ ಸಾಕ್ಷಿಯಾದ.

ವೆರ್ನೈ ಅರಮನೆ ಊರಿಂದ ಅರ್ಧ ಗಂಟೆ ದಾರಿ. ಹುಟ್ಟಿದಾಗಿನಿಂದ ಯುಗೆತ್ ಲ್ವಾರ್ ನದಿಯ ಇದೇ ದಂಡೆಯಲ್ಲಿದ್ದಳು. ಒಂದು ದಿನವೂ ಅದರೊಳಗೆ ಕಾಲಿಟ್ಟಿರಲಿಲ್ಲ. ಜಪಾನಿನವರು ಬಂದು ನೋಡಿ ಹೋಗಿದ್ದರು. ಅಮೆರಿಕದವರು ಹೋಗಿ ಮತ್ತೆ ಬಂದಿದ್ದರು. ಇವಳಿಗೆ ಬಿಡುವಾಗಿರಲಿಲ್ಲ. ದ್ರಾಕ್ಷಿ ಬಳ್ಳಿ ಯಾರಿಗೂ ರಜೆ ಕೊಡುವುದಿಲ್ಲ. ರಜೆ ಸಿಕ್ಕಿದ್ದು ಗಂಡ ಹೋಗಿ ತೋಟ ಮಾರಿದ ಮೇಲೆ.

ಬಾಗಿಲಲ್ಲಿ ಕಾವಲಿನವನು ಎಲ್ಲರ ಚೀಲ ನೋಡುತ್ತಿದ್ದ. ಯುಗೆತ್ ಚೀಲದಲ್ಲಿ ಬ್ರೆಡ್ಡು, ಸಾಸೇಜು, ಆಡಿನ ಹಾಲಿನ ಚೀಸು, ಬೇಯಿಸಿದ ಮೊಟ್ಟೆ. ಅವನು ಚೀಸಿನ ವಾಸನೆಗೆ ಮುಖ ಹಿಂದೆ ತೆಗೆದು, ಹೋಗಿ ಎಂದ. ಹೋಗುವಷ್ಟರಲ್ಲಿ ಕೋಟಿನ ಜೇಬು ಅವನ ಕಣ್ಣಿಗೆ ಬಿತ್ತು.

"ಜೇಬಲ್ಲೇನು?"

"ಕತ್ತರಿ."

"ಅದು ಒಳಗೆ ಬರೋ ಹಾಗಿಲ್ಲ ಮೇಡಂ."

"ಬಳ್ಳಿ ಸವರೋ ಕತ್ತರಿ. ಮನುಷ್ಯರಿಗಲ್ಲ."

ಅವನು ಪಕ್ಕದ ಡಬ್ಬಿ ತೋರಿಸಿದ. ಅದರೊಳಗೆ ಹಾಕಿದ್ದು ವಾಪಸ್ ಸಿಗುವುದಿಲ್ಲವಂತೆ. ಬೇಡವೆಂದರೆ ಬಸ್ಸಿನಲ್ಲಿಟ್ಟು ಬನ್ನಿ ಎಂದ. ಬಸ್ಸಿನ ಡ್ರೈವರ್ ಆಗಲೇ ಬಸ್ ತೆಗೆದುಕೊಂಡು ಊಟ ಹುಡುಕಲು ಹೋಗಿದ್ದ. ಸಂಘದವರು ಮುಂದೆ ಹೋಗಿದ್ದರು. ರೇಮೋಂದ್ ಕೂಡ ಹೋಗಿದ್ದಳು. ಅದು ಒಳ್ಳೆಯದೇ ಆಯಿತು. ಕತ್ತರಿಯ ವಿಷಯ ಅವಳಿಗೆ ಗೊತ್ತಿರಲಿಲ್ಲ.

ಅದು ಫಿರ್ಮಿನ್‌ನ ಕತ್ತರಿ. ಅವನ ಅಪ್ಪ ಕೊಟ್ಟದ್ದು. ಸುಗ್ಗಿಯಲ್ಲಿ ಎಲ್ಲರ ಕತ್ತರಿ ಒಂದೇ ಬುಟ್ಟಿಗೆ ಬೀಳುತ್ತದೆ. ಅದಕ್ಕೇ ಅವನು ಮರದ ಹಿಡಿಕೆಯ ಮೇಲೆ ಕಾದ ಮೊಳೆಯಿಂದ ತನ್ನ ಹೆಸರು ಸುಟ್ಟಿದ್ದ. ಹಿಡಿಕೆಯಲ್ಲಿ ಅವನ ಹೆಬ್ಬೆರಳು ಕೂರುತ್ತಿದ್ದ ಜಾಗ ಸವೆದು ಗುಳಿ ಬಿದ್ದಿತ್ತು. ಯುಗೆತ್ ಹೊರಗೆ ಹೊರಟಾಗ ಜೇಬಿನೊಳಗೆ ತನ್ನ ಹೆಬ್ಬೆರಳನ್ನು ಆ ಗುಳಿಯಲ್ಲಿಟ್ಟುಕೊಂಡು ನಡೆಯುತ್ತಿದ್ದಳು. ಅವನ ಕೈ ಹಿಡಿದು ನಡೆದಂತೆ ಇರುತ್ತಿತ್ತು. ಇದನ್ನು ಯಾರಿಗೆ ಹೇಳುವುದು?

ಬಾಗಿಲ ಹೊರಗೆ, ದಾರಿಯ ಎರಡೂ ಕಡೆ, ಕಿತ್ತಳೆ ಗಿಡಗಳ ಸಾಲಿತ್ತು. ಒಂದೊಂದು ಗಿಡವೂ ಬಿಳಿ ಬಣ್ಣದ ಚೌಕ ಮರದ ಪೆಟ್ಟಿಗೆಯಲ್ಲಿತ್ತು. ಯುಗೆತ್ ಕೆಮ್ಮುತ್ತ, ಕಾಲಿನ ಲೇಸು ಕಟ್ಟುವವಳಂತೆ ಬಗ್ಗಿದಳು. ಎಡಸಾಲಿನ ಮೂರನೆಯ ಪೆಟ್ಟಿಗೆಯ ಮಣ್ಣಿನಲ್ಲಿ ಕತ್ತರಿಯನ್ನು ತೂರಿಸಿ ಮೇಲೆ ಪಾಚಿ ಎಳೆದಳು. ಎದ್ದು ನೋಡಿದರೆ ಏನೂ ಕಾಣುತ್ತಿರಲಿಲ್ಲ. ಪೊಲೀಸರನ್ನೇ ಕರೆಸಿದರೂ ಕಾಣುತ್ತಿರಲಿಲ್ಲ. ತನ್ನ ಬುದ್ಧಿಗೆ ತಾನೇ ಮೆಚ್ಚಿ ಒಳಗೆ ಹೋದಳು.

ಅರಮನೆ ಚೆನ್ನಾಗಿತ್ತು. ತಣ್ಣಗಿತ್ತು. ರಾಜ ಮಲಗುತ್ತಿದ್ದ ಮಂಚ ಗಿಡ್ಡವಾಗಿತ್ತು. ಅದರಲ್ಲಿ ಫಿರ್ಮಿನ್ ಮಲಗಿದ್ದರೆ ಮೊಣಕಾಲು ಹೊರಗಿರುತ್ತಿತ್ತು. ಹೆಸರು ನಾಲಿಗೆಯ ತುದಿಗೆ ಬಂತು. ಯುಗೆತ್ ನುಂಗಿದಳು. ಮುಂದಿನ ಕೋಣೆಯಲ್ಲಿ ಓಕ್ ಮರದ ದೊಡ್ಡ ತೊಲೆ ಇತ್ತು. ಮತ್ತೆ ನುಂಗಿದಳು. ಮೆಟ್ಟಿಲು ಹತ್ತುವಾಗ ಒಂದು, ಇಳಿಯುವಾಗ ಒಂದು. ಮಧ್ಯಾಹ್ನದ ಹೊತ್ತಿಗೆ ಅವಳ ಹೊಟ್ಟೆಯಲ್ಲಿ ಊಟಕ್ಕೆ ಜಾಗವಿರಲಿಲ್ಲ. ತುಂಬ ಫಿರ್ಮಿನ್ ಇದ್ದ.

ರೇಮೋಂದ್ ಪಕ್ಕದಲ್ಲೇ ಅಂಟಿಕೊಂಡು ಗಾಳ ಹಾಕುತ್ತಿದ್ದಳು. ಅಡುಗೆಮನೆಯಲ್ಲಿ ಎತ್ತು ನಿಲ್ಲಿಸಬಹುದಾದಷ್ಟು ದೊಡ್ಡ ಒಲೆ.

"ಇದನ್ನ ನೋಡಿದ್ರೆ ಯಾರು ಏನಂತಿದ್ರು ಅತ್ತಿಗೆ?"

"ಅಡುಗೆಯವಳು ಅಯ್ಯೋ ಅಂತಿದ್ಲು."

ತೋಟದಲ್ಲಿ ಗಿಡಗಳನ್ನು ಹೃದಯದ ಹಾಗೆ, ಉಂಗುರದ ಹಾಗೆ, ಮೇಣದ ಬತ್ತಿಯ ಹಾಗೆ ಕತ್ತರಿಸಿ ನಿಲ್ಲಿಸಿದ್ದರು. ಒಂದೆಲೆ ಆಚೆ ಈಚೆ ಇರಲಿಲ್ಲ. ಪಾಠ ಕಲಿತ ನಾಯಿಗಳು ಕೂತ ಹಾಗೆ ಕೂತಿದ್ದವು. ಗೋಡೆಗೆ ಹಬ್ಬಿಸಿದ ಒಂದು ದ್ರಾಕ್ಷಿ ಬಳ್ಳಿಯಲ್ಲಿ ಮಾತ್ರ ಬೇಡದ ಚಿಗುರು ಉಳಿದಿತ್ತು. ಯುಗೆತ್ ಕೈ ತಾನಾಗಿ ಜೇಬಿಗೆ ಹೋಯಿತು. ಜೇಬು ಖಾಲಿ. ಇಡೀ ತೋಟ ಆ ಕ್ಷಣ ಖಾಲಿ ಅನ್ನಿಸಿತು. ಹೊರಗೆ ಪಾಚಿಯ ಕೆಳಗೆ ಇದ್ದಾನೆ, ಎಲ್ಲಿಗೆ ಹೋಗ್ತಾನೆ ಎಂದು ಸಮಾಧಾನ ಹೇಳಿಕೊಂಡಳು.

ಊಟ ಮುಗಿಸಿ, ಎಲ್ಲ ನೋಡಿ, ಸಂಘದವರು ಬಸ್ಸಿನ ಕಡೆ ಹೊರಟರು. ಯುಗೆತ್ ಎಲ್ಲರಿಗಿಂತ ಮುಂದೆ ಬಾಗಿಲು ದಾಟಿದಳು. ದಾಟಿ ನಿಂತುಬಿಟ್ಟಳು.

ಕಿತ್ತಳೆ ಗಿಡಗಳು ಇರಲಿಲ್ಲ.

ಒಂದು ಗಿಡವೂ ಇರಲಿಲ್ಲ. ದಾರಿಯ ಉದ್ದಕ್ಕೂ ಹೊಸದಾಗಿ ಕುಂಟೆ ಎಳೆದ ನುಣ್ಣನೆಯ ಮರಳು. ಕಾವಲಿನವನನ್ನು ಕೇಳಿದರೆ, ರಾತ್ರಿ ಇಬ್ಬನಿ ಹೆಪ್ಪುಗಟ್ಟುತ್ತದಂತೆ, ಚಳಿಗಾಲಕ್ಕೆ ಗಿಡಗಳನ್ನು ಒಳಗೆ ಸಾಗಿಸಿದರು ಎಂದ. ಪ್ರತಿ ವರ್ಷ ಇದೇ ಹೊತ್ತಿಗೆ ಸಾಗಿಸುತ್ತಾರಂತೆ. ಯುಗೆತ್‌ಗೆ ಗೊತ್ತಿರಬೇಕಾಗಿತ್ತು. ನಿನ್ನೆ ಸಂಜೆ ಆಕಾಶ ನೋಡಿ, ತನ್ನ ಕಿಟಕಿಯ ಹೂಕುಂಡಗಳನ್ನು ಒಳಗೆ ಎತ್ತಿಟ್ಟವಳೇ ಅವಳು. ತನ್ನ ಕುಂಡಕ್ಕೆ ಚಳಿಯಾದರೆ ರಾಜನ ಕುಂಡಕ್ಕೂ ಚಳಿಯಾಗುತ್ತದೆ ಎಂದು ಮಾತ್ರ ತಲೆಗೆ ಹೊಳೆಯಲಿಲ್ಲ.

ದಾರಿಯ ಪಕ್ಕದಲ್ಲೇ ಚಳಿಗಾಲದಲ್ಲಿ ಗಿಡಗಳನ್ನು ಇಡುವ ಚಳಿಮನೆ. ಎತ್ತರದ ಕಿಟಕಿಗಳ ಉದ್ದನೆಯ ಕಟ್ಟಡ. ಬಾಗಿಲು ತೆರೆದಿತ್ತು. ಒಳಗೆ ಬಿಳಿ ಪೆಟ್ಟಿಗೆಗಳು ಗೋಡೆಯಿಂದ ಗೋಡೆಗೆ, ಸೈನ್ಯ ನಿಂತ ಹಾಗೆ ನಿಂತಿದ್ದವು. ಯಾವುದು ಎಡ, ಯಾವುದು ಮೂರನೆಯದು? ಎಲ್ಲವೂ ಒಂದೇ ತಾಯಿಯ ಮಕ್ಕಳು. ಯುಗೆತ್ ತೋಳು ಮಡಚಿ ಮೊದಲ ಪೆಟ್ಟಿಗೆಗೆ ಕೈ ಹಾಕಿದಳು. ಎರಡನೆಯದಕ್ಕೆ ಹಾಕಿದಳು. ನಾಲ್ಕನೆಯದರಲ್ಲಿ ಮೊಣಕೈವರೆಗೆ ಇಳಿದಿದ್ದಾಗ ರೇಮೋಂದ್ ಬಂದಳು.

"ಏನೇ ಇದು? ಊಟ ಸಾಲಲಿಲ್ವಾ?"

ಬೇರೆ ದಾರಿ ಇರಲಿಲ್ಲ. ಯುಗೆತ್ ಹೇಳಿದಳು. ಕತ್ತರಿ ತಂದದ್ದು, ಹೂತದ್ದು, ಎಲ್ಲ. ಹೆಸರೊಂದನ್ನು ಬಿಟ್ಟು. ಬೈಗುಳಕ್ಕೆ ತಲೆ ತಗ್ಗಿಸಿ ಕಾದಳು. ಬೈಗುಳ ಬರಲಿಲ್ಲ.

"ಅಪ್ಪ ಕೊಟ್ಟಿದ್ದಾ? ಹೆಸರು ಸುಟ್ಟಿರೋದಾ?" ಎಂದು ಕೇಳಿದಳು ರೇಮೋಂದ್. ತನ್ನ ಹೊಸ ಕೋಟು ಬಿಚ್ಚಿ ನೆಲಕ್ಕೆ ಹಾಕಿ, ಪಕ್ಕದ ಪೆಟ್ಟಿಗೆಗೆ ಎರಡೂ ಕೈ ಹಾಕಿದಳು.

ಇವರನ್ನು ಹುಡುಕಿಕೊಂಡು ಸಂಘದವರು ಬಂದರು. ಒಬ್ಬರು ಕೇಳಿದರು, ಇನ್ನೊಬ್ಬರು ಹೇಳಿದರು. ಎಲ್ಲರೂ ಮಣ್ಣಿನಲ್ಲಿ ಹುಟ್ಟಿ ಬೆಳೆದವರೇ. ಮಂಡಿನೋವಿನವರು, ಸೊಂಟನೋವಿನವರು, ಸಕ್ಕರೆ ಕಾಯಿಲೆಯವರು, ಎಲ್ಲರೂ ಒಂದೊಂದು ಗಿಡ ಹಿಡಿದುಕೊಂಡರು. ವೆರ್ನೈ ಅರಮನೆಯ ಕಿತ್ತಳೆ ಗಿಡಗಳಿಗೆ ರಾಜರ ಕಾಲದಲ್ಲೂ ಅಷ್ಟು ಆರೈಕೆ ಸಿಕ್ಕಿರಲಾರದು.

"ಏನು ನಡೀತಿದೆ ಇಲ್ಲಿ?"

ಹಸಿರು ಏಪ್ರನ್ನಿನ ಎತ್ತರದ ಹೆಂಗಸು ಬಾಗಿಲಲ್ಲಿ ನಿಂತಿದ್ದಳು. ತೋಟದ ಮುಖ್ಯಸ್ಥೆ. ಅವಳ ಹಿಂದೆ ಕುಂಟೆ ಹಿಡಿದ ಒಬ್ಬ ಆಳು. ಸಂಘದವರೆಲ್ಲ ಕೈ ಹೊರಗೆ ತೆಗೆದರು. ಬಾರ್ನಬೆಗೆ ಅಧ್ಯಕ್ಷನ ಕರ್ತವ್ಯ ನೆನಪಾಯಿತು.

"ನೀರು ಸಾಕಾಗಿದೆಯಾ ಅಂತ ನೋಡ್ತಿದ್ವಿ," ಎಂದ.

ಅವಳು ನಗಲಿಲ್ಲ. ಏಪ್ರನ್ನಿನ ಜೇಬಿನಿಂದ ಕತ್ತರಿ ತೆಗೆದು ಎತ್ತಿ ಹಿಡಿದಳು. ಪೆಟ್ಟಿಗೆ ಎತ್ತುವಾಗ ಸಿಕ್ಕಿತಂತೆ. ಗಿಡ ಕತ್ತರಿಸಲು ಯಾರೋ ಅಡಗಿಸಿಟ್ಟಿದ್ದಾರೆ ಎಂದು ಪೊಲೀಸರಿಗೆ ಹೇಳುವುದರಲ್ಲಿದ್ದಳಂತೆ. ನನ್ನದು ಎಂದಳು ಯುಗೆತ್. ಯಾರು ಬೇಕಾದರೂ ಹಾಗೆ ಹೇಳಬಹುದು ಎಂದಳು ಅವಳು.

"ಹಿಡಿಕೆ ಮೇಲೆ ಒಂದು ಹೆಸರಿದೆ. ಅದನ್ನ ಹೇಳಿ, ತಗೊಂಡು ಹೋಗಿ."

ರೇಮೋಂದ್ ಕೈಯ ಮಣ್ಣು ಕೊಡವಿ, ಕೋಟು ಎತ್ತಿಕೊಂಡು, ಕೈಕಟ್ಟಿ ನಿಂತಳು. ಕತ್ತರಿ ಸಿಕ್ಕಿತ್ತು. ಇನ್ನು ಪಂದ್ಯ.

"ಹೇಳು ಅತ್ತಿಗೆ. ಚಿಕ್ಕ ಹೆಸರು."

ಯುಗೆತ್ ಬೆವರಿದಳು. ಹೇಳಿದರೆ ಬೂಟು ಹೋಗುತ್ತದೆ. ಹೇಳದಿದ್ದರೆ ಕತ್ತರಿ ಹೋಗುತ್ತದೆ. ಒಂದು ಅವನ ಕಾಲು, ಒಂದು ಅವನ ಕೈ. ಯಾವುದನ್ನು ಕೊಡುವುದು? ವರ್ಷವಿಡೀ ಕರೆಯದೆ ಬರುತ್ತಿದ್ದ ಹೆಸರು ಈಗ ಬಾಯಿಯೊಳಗೆ ನಿಂತು ಹಲ್ಲು ತಟ್ಟುತ್ತಿತ್ತು. ಅವಳು ತುಟಿ ಬಿಗಿದಳು. ಸುತ್ತ ನೋಡಿದಳು. ಬಾರ್ನಬೆಯ ಕೈಯಿಂದ ಊರುಗೋಲು ಕಿತ್ತುಕೊಂಡು ಹೊರಗೆ ನಡೆದಳು.

ಹೊರಗೆ ಆಗಷ್ಟೇ ಕುಂಟೆ ಎಳೆದ ಮರಳು. ಅದರ ನಡುವೆ ನಿಂತು ಅವಳು ಬರೆಯತೊಡಗಿದಳು. ಶಾಲೆ ಬಿಟ್ಟು ಒಂದು ಜೀವಮಾನವಾಗಿತ್ತು. ಅಲ್ಲಿ ಇದ್ದದ್ದೂ ಸ್ವಲ್ಪ ಕಾಲ. ಸಣ್ಣದಾಗಿ ಬರೆದರೆ ತಪ್ಪಾದೀತೆಂದು ದೊಡ್ಡದಾಗಿ ಬರೆದಳು. ಒಂದೊಂದು ಅಕ್ಷರವೂ ಮಲಗಿದ ಹಸುವಿನಷ್ಟಾಯಿತು. ಕುಂಟೆಯ ಆಳು ತಲೆಗೆ ಕೈ ಹಚ್ಚಿದ. ಕೊನೆಯ ಅಕ್ಷರ ಕಾವಲಿನವನ ಡಬ್ಬಿಯ ತನಕ ಹೋಗಿ ನಿಂತಿತು. ಆಗ ಬಂದ ಪ್ರವಾಸಿಗಳು ಅದೂ ತೋಟದ ಒಂದು ಭಾಗವೆಂದು ತಿಳಿದು, ಸುತ್ತುಹಾಕಿ ನಡೆದು, ಫೋಟೋ ತೆಗೆದರು.

ಫಿರ್ಮಿನ್.

ತೋಟದ ಮುಖ್ಯಸ್ಥೆ ಮರಳು ನೋಡಿದಳು. ಹಿಡಿಕೆ ನೋಡಿದಳು. ಕತ್ತರಿಯನ್ನು ಯುಗೆತ್ ಕೈಗೆ ಕೊಟ್ಟಳು.

"ತಗೊಳ್ಳಿ. ಮನೆ ವಿಳಾಸ ಬರೀಬೇಡಿ."

ರೇಮೋಂದ್ ಇದು ಮೋಸ ಎಂದಳು. ಯುಗೆತ್ ತನ್ನ ಬಾಯಿ ತೋರಿಸಿ, ಆ ಹೆಸರಿಗೆ ಇದು ತೆರೆದದ್ದನ್ನು ಯಾರಾದರೂ ನೋಡಿದ್ದಾರಾ ಎಂದಳು. ಯಾರೂ ನೋಡಿರಲಿಲ್ಲ. ತೀರ್ಪು ಸಾಕ್ಷಿಗೆ ಹೋಯಿತು. ಬಾರ್ನಬೆ ಗಂಟಲು ಸರಿಮಾಡಿಕೊಂಡ. ಪಂದ್ಯದಲ್ಲಿ ಬಾಯಿ ಅಂತ ಇತ್ತು, ಕೋಲು ಅಂತ ಇರಲಿಲ್ಲ ಎಂದ. ಮತ್ತೆ ತನ್ನ ಕೋಲು ಕೇಳಿದ.

ಬಸ್ಸಿನಲ್ಲಿ ಯುಗೆತ್ ಕಿಟಕಿಯ ಪಕ್ಕ ರಾಣಿಯ ಹಾಗೆ ಕೂತಳು. ಹೆಬ್ಬೆರಳು ಗುಳಿಯಲ್ಲಿತ್ತು.

ವೈನ್ ಕುಡಿಯಲು ಹೋದದ್ದು ಕ್ಲೋವಿಸ್‌ನ ಗುಹೆಗೆ. ಬಿಳಿ ಸುಣ್ಣಕಲ್ಲಿನ ಗುಡ್ಡ ಕೊರೆದು ಮಾಡಿದ ಗುಹೆ, ಒಳಗೆ ಸಾಲು ಪೀಪಾಯಿ. ಕ್ಲೋವಿಸ್ ನದಿಯ ಆಚೆ ದಂಡೆಯ ಬೆಳೆಗಾರ. ಯುಗೆತ್ ಮುಖ ನೋಡಿದ್ದೇ ಅವನ ಮುಖ ಅರಳಿತು.

"ಯಜಮಾನ್ರು ಎಲ್ಲಿ? ನನ್ನ ವೈನು ಹುಳಿ ಅಂತ ಬೈಯೋಕೆ ವರ್ಷಾ ವರ್ಷಾ ಬರ್ತಿದ್ರು. ಈ ವರ್ಷ ಬೈಯೋಕೂ ಬರಲಿಲ್ಲ."

ಅವನಿಗೆ ಸುದ್ದಿ ತಲುಪಿರಲಿಲ್ಲ. ಯುಗೆತ್ ಬಾಯಿ ತೆರೆದಳು. ಮಾತು ಬರಲಿಲ್ಲ. ಅದು ಪಂದ್ಯಕ್ಕಲ್ಲ.

"ಅಣ್ಣ ಹೋಗಿಬಿಟ್ಟ," ಎಂದಳು ರೇಮೋಂದ್. "ಹೋದ ನವೆಂಬರ್‌ನಲ್ಲಿ."

ಹೇಳಿ, ವಾಸನೆ ನೋಡುವವಳಂತೆ ಲೋಟದೊಳಗೆ ಮೂಗಿಟ್ಟಳು. ಬಹಳ ಹೊತ್ತು ಮೂಗು ತೆಗೆಯಲಿಲ್ಲ. ಅವಳು ಈ ಮಾತನ್ನು ಯಾರಿಗಾದರೂ ಹೇಳಿದ್ದನ್ನು ಯುಗೆತ್ ಕೇಳಿಯೇ ಇರಲಿಲ್ಲ. ಈ ಒಂದು ವರ್ಷ ಹೇಳುವ ಕೆಲಸವೆಲ್ಲ ತನ್ನದೇ ಆಗಿತ್ತು.

ಕ್ಲೋವಿಸ್ ಟೋಪಿ ತೆಗೆದ. ಗುಹೆಯ ಹಿಂದಕ್ಕೆ ಹೋಗಿ, ಚೀಟಿ ಅಂಟಿಸದ ಒಂದು ಬಾಟಲಿ ತಂದು, ಇಬ್ಬರಿಗೂ ಬಗ್ಗಿಸಿ, ಎದುರಿಗೆ ನಿಂತ. ಯುಗೆತ್ ಕುಡಿದಳು. ಬಾಯಲ್ಲಿ ತಿರುಗಿಸಿದಳು. ನುಂಗಿದಳು.

"ಹುಳಿ," ಎಂದಳು.

"ಹಾಗೆ ಹೇಳಿ," ಎಂದ ಕ್ಲೋವಿಸ್. ಕಣ್ಣು ಒರೆಸಿಕೊಂಡ. "ಈಗ ನನಗೆ ವರ್ಷ ತುಂಬಿದ ಹಾಗಾಯ್ತು."

ಹುಳಿ ಎಂದ ವೈನನ್ನು ಯುಗೆತ್ ಎರಡು ಲೋಟ ಕುಡಿದಳು. ಕ್ಲೋವಿಸ್ ಬಿಡಲಿಲ್ಲ, ಒಂದು ಪೆಟ್ಟಿಗೆ ಬಾಟಲಿ ಕೊಟ್ಟು ಕಳಿಸಿದ. ಹೊರುವ ಕೆಲಸ ರೇಮೋಂದ್‌ದು. ಸೋತವರು ಹೊರಬೇಕು ಎಂದು ಯುಗೆತ್ ಬಸ್ಸಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು. ಊರ ಚೌಕದಲ್ಲಿ ಇಳಿದಾಗ ಇನ್ನೊಮ್ಮೆ ಹೇಳಿದಳು. ಬೇಕರಿಯ ಬಾಗಿಲು ತೆರೆದಿದ್ದರೆ ಅಲ್ಲೂ ಹೇಳುತ್ತಿದ್ದಳು.

ಮನೆಯ ಬೀಗ ತೆಗೆದಳು. ಬೂಟು ದಾಟಿದಳು. ಕೋಟು ತಗುಲಿಸಿದಳು. ಗೆದ್ದು ಬಂದವಳಿಗೆ ಮನೆಯಲ್ಲಿ ಸುದ್ದಿ ಹೇಳದೆ ಇರಲು ಆಗುತ್ತದೆಯೇ? ಅಡುಗೆಮನೆಯ ಕಡೆ ಮುಖ ಮಾಡಿ ಗಟ್ಟಿಯಾಗಿ ಕೂಗಿದಳು.

"ಫಿರ್ಮಿನ್, ಕೇಳಿಸ್ತಾ? ಇವತ್ತಿಡೀ ನಿನ್ನ ಹೆಸರು ಒಂದು ಸಲಾನೂ ಎತ್ತಲಿಲ್ಲ!"

ಅಡುಗೆಮನೆ ಕತ್ತಲಾಗಿತ್ತು. ಒಲೆ ತಣ್ಣಗಿತ್ತು. ಹಿಂದೆ ಬಾಟಲಿಗಳು ಸಣ್ಣಗೆ ಸದ್ದು ಮಾಡಿದವು. ರೇಮೋಂದ್ ಪೆಟ್ಟಿಗೆ ಹೊತ್ತು ಹೊಸ್ತಿಲಲ್ಲೇ ನಿಂತಿದ್ದಳು. ಆ ಸಂಜೆ ಅವಳು ಎಡವಿರಲಿಲ್ಲ.

ಯುಗೆತ್ ಕುರ್ಚಿಯಲ್ಲಿ ಕೂತಳು. ಪಂದ್ಯ ಪಂದ್ಯವೇ, ತಗೊಂಡು ಹೋಗು, ಎಲ್ಲಿ ಎಸೆದೆ ಅಂತ ಮಾತ್ರ ನನಗೆ ಹೇಳಬೇಡ ಎಂದಳು ಯುಗೆತ್, ಬೂಟಿನ ಕಡೆ ನೋಡದೆ.

ರೇಮೋಂದ್ ಪೆಟ್ಟಿಗೆ ಇಳಿಸಿ, ಬೂಟು ಎರಡನ್ನೂ ಎತ್ತಿಕೊಂಡಳು. ಒಣ ಮಣ್ಣು ಅವಳ ಹೊಸ ಕೋಟಿನ ಮೇಲೆ ಉದುರಿತು. ಕೊಡವಲಿಲ್ಲ.

"ಎಸೀಬೇಕು ಅಂತ ನಾನ್ಯಾವತ್ತು ಅಂದೆ?"

"ಮನೆಯಿಂದ ಹೊರಗೆ ಅಂದೆ."

"ನಿನ್ನ ಮನೆಯಿಂದ," ಎಂದಳು ರೇಮೋಂದ್. "ಕತ್ತರಿ ನಿನಗಿರಲಿ."

ಬಾಗಿಲು ಎಳೆದುಕೊಂಡು ಹೋದಳು.

ಮರುದಿನ ಸಂಜೆ ನಾದಿನಿ ಬರುವ ಹೊತ್ತಾಯಿತು. ಬರಲಿಲ್ಲ. ಯುಗೆತ್ ಕಾದಳು. ಬಾಗಿಲ ಬಳಿ ನೆಲ ಬೋಳಾಗಿತ್ತು. ಅಲ್ಲಿ ದಾಟಲು ಏನೂ ಇಲ್ಲದಿದ್ದರೂ ಅವಳ ಕಾಲು ಎತ್ತರಕ್ಕೆ ಏಳುತ್ತಿತ್ತು. ಕೊನೆಗೆ ಕ್ಲೋವಿಸ್‌ನ ಒಂದು ಬಾಟಲಿ ಹಿಡಿದು ಎರಡು ಮನೆ ಆಚೆ ಹೋದಳು. ಆ ವರ್ಷದಲ್ಲಿ ಒಂದು ಸಲವೂ ಅವಳು ಅಲ್ಲಿಗೆ ಹೋಗಿರಲಿಲ್ಲ. ಬರುವುದು ಯಾವಾಗಲೂ ರೇಮೋಂದ್‌ದೇ ಕೆಲಸವಾಗಿತ್ತು.

ಬಾಗಿಲು ತಳ್ಳಿ ಒಳಗೆ ಹೆಜ್ಜೆ ಇಟ್ಟಳು. ಕಾಲಿಗೆ ಏನೋ ಸಿಕ್ಕಿತು. ಬಾಟಲಿಯನ್ನು ಎತ್ತಿ ಹಿಡಿದು, ಮಂಡಿಯೂರಿ, ಧೊಪ್ಪನೆ ಬಿದ್ದಳು. ಕತ್ತು ತಿರುಗಿಸಿ ನೋಡಿದಳು. ಬಾಗಿಲ ಒಳಗೆ, ಒಂದು ಬೂಟು ನೆಟ್ಟಗೆ ನಿಂತಿತ್ತು. ಇನ್ನೊಂದು ಅದಕ್ಕೆ ಒರಗಿಕೊಂಡಿತ್ತು.

ಯುಗೆತ್ ಬಾಯಿ ತೆರೆದಳು.

ಒಲೆಯ ಮುಂದೆ ಸಾರು ತಿರುವುತ್ತಿದ್ದ ರೇಮೋಂದ್ ತಿರುಗಿ ಕೂಡ ನೋಡಲಿಲ್ಲ.

"ಮಾತಾಡೋ ಹಾಗಿಲ್ಲ ಅತ್ತಿಗೆ," ಎಂದಳು. "ಸುಮ್ಮನೆ ಎಡವಬೇಕು."